ಹಿಡಿಯುವ ಕೈ

ಅಂಕೋಲೆಯ ನಮ್ಮ ಮನೆಯ ಹಿಂಜಗಲಿಯಲ್ಲಿ ಒಂದು ಹಲಸಿನ ಮಣೆ ಇದೆ. ಬಂದವರೆಲ್ಲ ಅದನ್ನು ಹಳೆಯ ಹೆರೆಮಣೆ ಎಂದೇ ತಿಳಿಯುತ್ತಾರೆ. "ಇದರ ಹಲ್ಲು ಎಲ್ಲಿ ಹೋಯಿತು?" ಎಂದು ಕೇಳಿದವರೂ ಇದ್ದಾರೆ. ಅದಕ್ಕೆ ಹಲ್ಲು ಇರಲೇ ಇಲ್ಲ. ಹಲ್ಲು ಇರಬೇಕಾದ ಕಡೆ ಒಂದು ಗುಳಿ ಇದೆ, ಗುಳಿಯ ಮುಂದೆ ಎದೆಮಟ್ಟದ ಒಂದು ಗೂಟ, ಗೂಟದ ತುದಿಯಲ್ಲಿ ಕವಲು, ಕವಲಿಗೆ ಒಂದು ತೊಗಲಿನ ಪಟ್ಟಿ. ತೊಗಲು ಒಣಗಿ ಹಪ್ಪಳದಂತಾಗಿದೆ. ಇದು ಕೋವಿಗೆ ಮದ್ದು ತುಂಬುವ ಮಣೆ. ಒಂದೇ ಕೈ ಉಳಿದಿದ್ದ ನನ್ನ ತಾಯಿಯ ತಂದೆಗಾಗಿ ನನ್ನ ಅಜ್ಜಿ ಮಾಡಿಸಿದ್ದು. ಗಂಡನ ಮೇಲಿನ ಪ್ರೀತಿಯಿಂದ ಮಾಡಿಸಿದಳೆಂದು ನಾನು ಬಹಳ ವರ್ಷ ನಂಬಿದ್ದೆ. ನಿಜ ಹಾಗಿರಲಿಲ್ಲ ಎಂದು ಅವಳೇ ಕೊನೆಗಾಲದಲ್ಲಿ ಹೇಳಿದಳು. ಆ ಕತೆ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ತವರಿನ ತವರು ದೇವಬಾಗ. ಕಾಳಿ ನದಿ ಸಮುದ್ರ ಸೇರುವ ಜಾಗದಲ್ಲಿ, ಉತ್ತರದ ದಂಡೆಯ ಮೇಲೆ ಮಲಗಿರುವ ಮರಳಿನ ಪಟ್ಟಿ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ತೆಂಗು ಮತ್ತು ಗಾಳಿಮರ. ಈಗ ಅಲ್ಲಿ ಪ್ರವಾಸಿಗರಿಗಾಗಿ ಮರದ ಮನೆಗಳಿವೆ, ದೋಣಿ ವಿಹಾರವಿದೆ. ನನ್ನ ಬಾಲ್ಯದಲ್ಲಿ ಅಲ್ಲಿ ರಂಪಣಿ ಬಲೆ ಎಳೆಯುವವರ ಕೂಗಿತ್ತು. ರಾತ್ರಿಯಾದರೆ ದೂರದ ದೇವಗಡ ದ್ವೀಪದ ದೀಪಸ್ತಂಭ ತಿರುಗಿ ತಿರುಗಿ ನೋಡುತ್ತಿತ್ತು. 1864ರಲ್ಲಿ ಕಟ್ಟಿದ ದೀಪ ಅದು. ಮಲಗಿದಲ್ಲೇ ಅದರ ಬೆಳಕನ್ನು ಎಣಿಸುತ್ತ ನಾವು ಮಕ್ಕಳು ನಿದ್ದೆ ಹೋಗುತ್ತಿದ್ದೆವು.

ಮರಳಿನಲ್ಲಿ ಭತ್ತ ಬೆಳೆಯುವುದಿಲ್ಲವಲ್ಲ. ಅಜ್ಜನ ಗದ್ದೆ ಇದ್ದದ್ದು ಒಳಗೆ, ಅಸ್ನೋಟಿಯ ಕಡೆ, ಗುಡ್ಡದ ಬುಡದಲ್ಲಿ. ಅವನದ್ದು ಎಂದೆನಾದರೂ ಅವನದ್ದಲ್ಲ, ಗೇಣಿ ಗದ್ದೆ. ಬೆಳೆದದ್ದರಲ್ಲಿ ಒಡೆಯರ ಪಾಲು ಅಳೆದುಕೊಟ್ಟು ಉಳಿದದ್ದು ಮನೆಗೆ. ಆ ಗುಡ್ಡದಿಂದ ತೆನೆ ಬಲಿಯುವ ಹೊತ್ತಿಗೆ ಸರಿಯಾಗಿ ಹಂದಿಗಳು ಇಳಿಯುತ್ತಿದ್ದವು. ಹಂದಿ ತಿನ್ನುವುದಕ್ಕಿಂತ ಉರುಳಾಡಿ ಹಾಳು ಮಾಡುವುದೇ ಹೆಚ್ಚು. ಒಂದು ರಾತ್ರಿ ಕಣ್ಣು ಮುಚ್ಚಿದರೆ ಮೂರು ತಿಂಗಳ ಅಕ್ಕಿ ಹೋಯಿತೆಂದೇ ಲೆಕ್ಕ. ಅದಕ್ಕಾಗಿ ಅಜ್ಜನಿಗೆ ತನ್ನ ತಂದೆಯಿಂದ ಬಂದ ಒಂದು ಕೇಪಿನ ಕೋವಿ ಇತ್ತು. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸು ಪೆಟ್ಟಿಗೆಯ ತಳದಲ್ಲಿ, ಮದುವೆಯ ಸೀರೆಯ ಕೆಳಗೆ ಇರುತ್ತಿತ್ತು.

ಅಜ್ಜನ ಕೈ ಹೋದದ್ದು ಕೋವಿಯಿಂದಲ್ಲ, ಹೊಳೆಯಿಂದ. ಆಗ ಕಾಳಿಗೆ ಸೇತುವೆ ಇರಲಿಲ್ಲ. ಕಾರವಾರ ಪೇಟೆಗೆ ಹೋಗಬೇಕಾದರೆ ಸದಾಶಿವಗಡದ ಕಡೆಯಿಂದ ಕೋಡಿಬಾಗಕ್ಕೆ ಹೊಳೆ ದಾಟಬೇಕಿತ್ತು. (ಸೇತುವೆ ಬಂದದ್ದು 1980ರ ದಶಕದಲ್ಲಿ. ಆ ಹಳೆಯ ಸೇತುವೆ 2024ರ ಆಗಸ್ಟ್ 7ರಂದು, ಊರೆಲ್ಲ ಮಲಗಿದ್ದ ಹೊತ್ತಿನಲ್ಲಿ ಕುಸಿದು ಬಿತ್ತು. ಪಕ್ಕದಲ್ಲಿದ್ದ ಹೊಸ ಸೇತುವೆಯೊಂದೇ ಹೋಗುವವರನ್ನೂ ಬರುವವರನ್ನೂ ಹೊರಬೇಕಾಯಿತು.) 1960ರ ದಶಕದ ಕೊನೆಯ ಒಂದು ಮಳೆಗಾಲ. ತೆರೆ ಎದ್ದು ದೋಣಿ ಧಕ್ಕೆಗೆ ಅಪ್ಪಳಿಸಿತು. ನಡುವೆ ಅಜ್ಜನ ಎಡಗೈ ಸಿಕ್ಕಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಮಣಿಕಟ್ಟಿನ ಕೆಳಗೆ ಏನೂ ಇರಲಿಲ್ಲ.

"ಬಲಗೈ ಉಳಿಯಿತಲ್ಲ, ದೇವರು ದೊಡ್ಡವನು" ಎಂದರು ನೋಡಲು ಬಂದವರು. ಎಡಗೈ ಎಂದರೆ ನಮ್ಮಲ್ಲಿ ಸ್ವಲ್ಪ ಅಸಡ್ಡೆಯೇ. ಊಟಕ್ಕಿಲ್ಲ, ಪೂಜೆಗಿಲ್ಲ, ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಇಲ್ಲ. ಆದರೆ ಓದುತ್ತಿರುವ ನೀವು ಒಂದು ದಿನ ಎಡಗೈಯನ್ನು ಸೊಂಟಕ್ಕೆ ಕಟ್ಟಿಕೊಂಡು ಅಡಿಗೆಮನೆಗೆ ಹೋಗಿ ನೋಡಿ. ಬಲಗೈ ಕೆಲಸ ಮಾಡುತ್ತದೆ, ನಿಜ. ಆದರೆ ಬಟಾಟೆಯನ್ನು ಹಿಡಿದವರು ಯಾರು? ಪಾತ್ರೆ ತಿರುಗದಂತೆ ಒತ್ತಿಕೊಂಡವರು ಯಾರು? ಡಬ್ಬಿಯ ಮುಚ್ಚಳ ತಿರುಗಿಸುವಾಗ ಡಬ್ಬಿಯನ್ನು ಯಾರು ನಿಲ್ಲಿಸಿದರು? ಒಂದು ಕೈ ಮಾಡುವ ಕೈ, ಇನ್ನೊಂದು ಹಿಡಿಯುವ ಕೈ. ಹೆಸರು ಮಾಡುವ ಕೈಗೆ. ಹಿಡಿಯುವ ಕೈಯ ಸುದ್ದಿ ಬರುವುದು ಅದು ಹೋದ ಮೇಲೆ.

ಕೇಪಿನ ಕೋವಿಯಂತೂ ಎರಡು ಕೈ ಇದ್ದವರಿಗೇ ಮೂರನೆಯ ಕೈ ಬೇಕೆನ್ನಿಸುವ ವಸ್ತು. ಇಂದಿನ ತೋಟೆ ಕೋವಿಯ ಹಾಗೆ ಮುರಿದು ತೋಟೆ ತೂರಿಸಿದರೆ ಮುಗಿಯಿತು ಎನ್ನುವಂತಿಲ್ಲ. ಕೋವಿಯನ್ನು ನೆಟ್ಟಗೆ ನಿಲ್ಲಿಸಬೇಕು. ನಳಿಗೆಯ ಬಾಯಿಗೆ ಮದ್ದು ಸುರಿಯಬೇಕು. ಮೇಲೆ ತೆಂಗಿನ ಕತ್ತ ತುರುಕಿ ಗಜದಿಂದ ಜಡಿಯಬೇಕು. ಆಮೇಲೆ ಚರೆ, ಮತ್ತೆ ಕತ್ತ, ಮತ್ತೆ ಗಜ. ಕೊನೆಗೆ ಕುದುರೆಯ ಕೆಳಗೆ, ಕಡಲೆಕಾಳಿಗಿಂತ ಚಿಕ್ಕದಾದ ತಾಮ್ರದ ಕೇಪು ಕೂರಿಸಬೇಕು. ಈ ಕೇಪಿನ ಹಿಂದೆಯೂ ಒಂದು ತಮಾಷೆಯ ಚರಿತ್ರೆ ಇದೆ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿಗೆ ಹಕ್ಕಿ ಬೇಟೆಯ ಹುಚ್ಚು. ಚಕಮಕಿ ಕಲ್ಲಿನ ಕೋವಿಯ ಕಿಡಿ ಕಂಡು ಹಕ್ಕಿಗಳು ಗುಂಡು ಬರುವ ಮುಂಚೆಯೇ ಹಾರಿಹೋಗುತ್ತಿದ್ದವಂತೆ. ಅದಕ್ಕಾಗಿ ಆತ ಪೆಟ್ಟು ಬಿದ್ದೊಡನೆ ಸಿಡಿಯುವ ಮದ್ದಿನ ಉಪಾಯ ಹುಡುಕಿ 1807ರಲ್ಲಿ ಪೇಟೆಂಟ್ ಪಡೆದ. ಅದರಿಂದಲೇ ಮುಂದೆ ಕೇಪು ಹುಟ್ಟಿತು. ಪಾದ್ರಿಯ ಹಕ್ಕಿ ಬೇಟೆಯ ಉಪಾಯ ಅಸ್ನೋಟಿಯ ಹಂದಿಗಳವರೆಗೆ ಬಂತು ನೋಡಿ.

ಈ ತುಂಬುವ ಕೆಲಸದಲ್ಲಿ ಕೈ ಸಾಲದೆ ಬಾಯಿಯನ್ನೂ ಸೇರಿಸಿಕೊಂಡದ್ದರಿಂದ ನಮ್ಮ ದೇಶದ ಚರಿತ್ರೆಯೇ ಹೊರಳಿದ್ದುಂಟು. ನಾವೆಲ್ಲ ಶಾಲೆಯಲ್ಲಿ 1857ರ ಪಾಠ ಓದಿದವರು. ದನದ ಕೊಬ್ಬು, ಹಂದಿಯ ಕೊಬ್ಬು ಸವರಿದ ತೋಟಾ ಎಂದು ಬಾಯಿಪಾಠ ಮಾಡಿದವರು. ಆದರೆ ಸಿಪಾಯಿಗಳು ಆ ತೋಟಾವನ್ನು ಬಾಯಿಗೆ ಯಾಕೆ ಇಟ್ಟರು ಎಂದು ನಾನಂತೂ ಕೇಳಿರಲಿಲ್ಲ. ಉತ್ತರ ಸರಳ. ಒಂದು ಕೈ ಕೋವಿಯನ್ನು ಹಿಡಿದಿರುತ್ತಿತ್ತು. ಮದ್ದು ಮತ್ತು ಗುಂಡು ಕಟ್ಟಿದ ಕಾಗದದ ಪೊಟ್ಟಣ ಇನ್ನೊಂದು ಕೈಯಲ್ಲಿ. ಅದನ್ನು ಹರಿಯಲು ಮೂರನೆಯ ಕೈ ಎಲ್ಲಿಂದ ತರುವುದು? ಹಲ್ಲೇ ಗತಿ. ಮುಂದಿನ ಹಲ್ಲು ಇಲ್ಲದವರನ್ನು ಆ ಕಾಲದ ಹಲವು ಸೈನ್ಯಗಳು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಎನ್‌ಫೀಲ್ಡ್ ಬಂದೂಕಿನ ತೋಟಾ ಕಚ್ಚುವುದಿಲ್ಲವೆಂದು ಸಿಪಾಯಿಗಳು ಸಿಡಿದಾಗ, ಬೆರಳಿನಿಂದ ಹರಿಯಬಹುದೆಂದು ಕವಾಯತನ್ನೇ ಬದಲಿಸಿದರು. ಅಷ್ಟರಲ್ಲಿ ನಂಬಿಕೆ ಹರಿದಿತ್ತು. ಮಾರ್ಚ್ 29ರಂದು ಬಾರಕ್‌ಪುರದಲ್ಲಿ ಮಂಗಲ ಪಾಂಡೆ, ಮೇ 10ರಂದು ಮೀರತ್. ಮುಂದಿನದು ನಿಮಗೆ ಗೊತ್ತಿದೆ.

ಆ ದಂಗೆಯ ಬಿಸಿ ಕನ್ನಡ ನಾಡಿಗೂ ತಟ್ಟಿತು. ಹೆದರಿದ ಸರಕಾರ ಅದೇ ವರ್ಷ ಜನರ ಕೈಯಿಂದ ಆಯುಧ ಕಸಿಯುವ ಕಾಯಿದೆ ತಂದಿತು. ಮುಧೋಳದ ಬಳಿಯ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. 1857ರ ನವೆಂಬರ್ ಕೊನೆಯಲ್ಲಿ ಕುಂಪಣಿಯ ದಂಡು ಹಲಗಲಿಯ ಮೇಲೆ ಬಿತ್ತು. ಊರು ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿದರು. ಅವರ ಲಾವಣಿಯನ್ನು ನಾವು ಪಠ್ಯದಲ್ಲಿ ಓದಿದ್ದೇವೆ. ಬೇಟೆಯೇ ಬದುಕಾದವರಿಗೆ ಕೋವಿ ಕೊಡು ಎಂದರೆ ಕೈ ಕೊಡು ಎಂದಂತೆ. 1878ರಲ್ಲಿ ಲಿಟ್ಟನ್ನನ ಕಾಲದಲ್ಲಿ ಇನ್ನೂ ಬಿಗಿಯಾದ ಆಯುಧ ಕಾಯಿದೆ ಬಂತು. ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕು ಉಳಿದದ್ದು ಕೊಡವರಂಥ ಕೆಲವರಿಗೆ ಮಾತ್ರ. ಉಳಿದವರು ಅರ್ಜಿ ಹಿಡಿದು ನಿಲ್ಲಬೇಕಾಯಿತು. ಸ್ವಾತಂತ್ರ್ಯ ಬಂದ ಮೇಲೆ 1959ರ ಹೊಸ ಕಾಯಿದೆ ಬಂದರೂ ಅರ್ಜಿ ತಪ್ಪಲಿಲ್ಲ. ಅಜ್ಜ ಲೈಸೆನ್ಸನ್ನು ಸೀರೆಯ ಕೆಳಗೆ ಬಚ್ಚಿಡುತ್ತಿದ್ದುದರ ಹಿಂದೆ ಈ ನೂರು ವರ್ಷದ ಭಯ ಇತ್ತೆಂದು ಈಗ ತೋರುತ್ತದೆ.

ಕೈ ಹೋದ ವರ್ಷ ಗದ್ದೆ ಕಾಯಲು ನೆಂಟನೊಬ್ಬ ಬಂದ. ಮರುವರ್ಷ ಅವನು, "ಇನ್ನು ನಿಮ್ಮಿಂದ ಆಗುವುದಿಲ್ಲ, ಗೇಣಿಯನ್ನು ನನ್ನ ಹೆಸರಿಗೆ ಬರೆಸಿಕೊಡಲು ಒಡೆಯರಿಗೆ ಹೇಳಿ" ಎಂದ. ಅಜ್ಜನಿಗೆ ಇಬ್ಬರು ಹೆಣ್ಣುಮಕ್ಕಳು, ನನ್ನ ಆಯಿ ಮತ್ತು ಮಾವಶಿ. ಬೆಳೆದ ಗಂಡುಮಗನಿಲ್ಲ. ಗದ್ದೆ ಹೋದರೆ ಮನೆಯವರೆಲ್ಲ ಇನ್ನೊಬ್ಬರ ಗದ್ದೆಗೆ ಕೂಲಿ. ಅಜ್ಜ ಆ ರಾತ್ರಿಯೇ ಕೋವಿ ಇಳಿಸಿದ. "ನಾನೇ ಕಾಯುತ್ತೇನೆ" ಎಂದ.

ಇಲ್ಲಿಂದ ಮುಂದಿನದನ್ನು ಅಜ್ಜಿ ನನಗೆ ಹೇಳಿದ್ದು. ಮನೆಯ ಮಾತು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

ಮೊದಮೊದಲು ಅಜ್ಜ ಕೋವಿಯನ್ನು ಮೊಳಕಾಲುಗಳ ನಡುವೆ ಇರುಕಿಕೊಂಡ. ಮದ್ದಿನ ಬುರುಡೆಯ ಬಿರಡೆಯನ್ನು ಹಲ್ಲಿನಿಂದ ಕಿತ್ತ. ಗಜ ಜಡಿಯುವಾಗ ಕೋವಿ ಜಾರಿತು. ಮದ್ದು ಚೆಲ್ಲಿತು. ಎರಡನೆಯ ದಿನ ಅಜ್ಜಿಯನ್ನು ಕರೆದ. "ಬಾ, ಸ್ವಲ್ಪ ಹಿಡಿದುಕೋ." ಅಜ್ಜಿ ಬಂದು ನಳಿಗೆ ಹಿಡಿದಳು. ಅವಳು ಗಿಡ್ಡ. ನಳಿಗೆಯ ಬಾಯಿ ಸರಿಯಾಗಿ ಅವಳ ಗದ್ದದ ಕೆಳಗೆ ಬರುತ್ತಿತ್ತು. ಅವನು ಅವಸರದವನು, ಒಂದೇ ಕೈಯಲ್ಲಿ ಗಜ ಹಾಕಿ ಗುದ್ದುವವನು. ಹಳೆಯ ಮದ್ದು ಒಳಗೆ ಉಳಿದಿದ್ದರೆ? ಎಲ್ಲಿಯೋ ಕಿಡಿ ಇದ್ದರೆ? ಅಂಥ ಸಂಗತಿ ಊರಿನಲ್ಲಿ ಆಗದ್ದಲ್ಲ.

"ಹತ್ತು ರಾತ್ರಿ ಹಿಡಿದೆ" ಎಂದಳು ಅಜ್ಜಿ. "ಪ್ರತಿ ಸಲ ರಾಮ ರಾಮ ಅನ್ನುತ್ತಿದ್ದೆ. ಹನ್ನೊಂದನೆಯ ರಾತ್ರಿ ನಿನ್ನ ಆಯಿ ನನ್ನ ಸೆರಗು ಹಿಡಿದು ಪಕ್ಕದಲ್ಲಿ ನಿಂತಿತ್ತು. ಅಷ್ಟೇ. ಕೋವಿಯನ್ನು ಗೋಡೆಗೆ ಒರಗಿಸಿ ಹೇಳಿದೆ, ಇನ್ನು ನಾನು ಹಿಡಿಯುವುದಿಲ್ಲ."

ಗಂಡ ಕರೆದರೆ ಎರಡನೆಯ ಮಾತಾಡದ ಕಾಲ ಅದು. ಎರಡು ದಿನ ಮನೆಯಲ್ಲಿ ಮಾತಿಲ್ಲ. "ಕೈ ಇಲ್ಲದವನಿಗೆ ಹೆಂಡತಿಯೂ ಇಲ್ಲ" ಎಂದು ಅಜ್ಜ ಅಂಗಳದ ತೆಂಗಿನಮರಕ್ಕೆ ಹೇಳಿದನಂತೆ. ಮೂರನೆಯ ದಿನ ಅಜ್ಜಿ ಕಾಯಿ ಹೆರೆಯಲು ಕೂತಳು. ಹೆರೆಮಣೆಯ ಮೇಲೆ ಒಂದು ಕಾಲು ಮಡಚಿ ಕೂತಾಗ ತನ್ನ ಭಾರವೇ ಮಣೆಯನ್ನು ಹಿಡಿದಿದೆ, ಎರಡು ಕೈಯೂ ಬಿಡುವಾಗಿದೆ ಎಂಬುದು ಅವಳಿಗೆ ಹೊಳೆಯಿತು. ಅದಕ್ಕೂ ಮೊದಲು ಮೀನು ಹೆಚ್ಚಿದ ಮೆಟ್ಟುಗತ್ತಿಯೂ ಹಾಗೆಯೇ. ಕಾಲು ಮೆಟ್ಟಿ ಹಿಡಿಯುತ್ತದೆ, ಕತ್ತಿ ನಿಂತಲ್ಲೇ ನಿಲ್ಲುತ್ತದೆ, ಮೀನು ಕತ್ತಿಯ ಬಳಿಗೆ ಹೋಗುತ್ತದೆ. ಇಂಗ್ಲಿಷರ ಚಾಕುವಿನಲ್ಲಿ ಒಂದು ಕೈ ಕತ್ತಿ ಹಿಡಿಯುವುದಕ್ಕೇ ಖರ್ಚಾಗಿಬಿಡುತ್ತದೆ. ನಮ್ಮ ಹೆಂಗಸರ ಹತಾರಗಳಲ್ಲಿ ಹಿಡಿಯುವ ಕೆಲಸವನ್ನು ಮೈಭಾರಕ್ಕೆ ವಹಿಸಿ ಎಷ್ಟೋ ತಲೆಮಾರು ಕಳೆದಿದೆ.

ಆಚಾರಿಯನ್ನು ಕರೆಸಿದಳು. ಕೋವಿಯ ಮರದ ಬುಡ ಕೂರುವಷ್ಟು ಗುಳಿ ಇರುವ ಮಣೆ. ಕೂತವರ ಭಾರಕ್ಕೆ ಅದು ಅಲುಗಬಾರದು. ಮುಂದೆ ಕವಲಿನ ಗೂಟ. ಗೂಟ ನೆಟ್ಟಗಿರದೆ ಆಚೆಗೆ ವಾಲಿರಬೇಕು ಎಂದು ಅವಳು ಹಟ ಹಿಡಿದಳು. ನಳಿಗೆಯ ಬಾಯಿ ಯಾರ ಮುಖದ ಕಡೆಗೂ ಬರಬಾರದು, ಅದೇ ಮೊದಲ ನಿಯಮ. ಕವಲಿಗೆ ತೊಗಲಿನ ಪಟ್ಟಿ, ಪಟ್ಟಿಗೆ ಕಟ್ಟಿದ ಹಗ್ಗ ಕೆಳಗೆ ಕಾಲಿಗೆ. ಕಾಲು ಒತ್ತಿದರೆ ಪಟ್ಟಿ ಬಿಗಿಯುತ್ತದೆ, ಎತ್ತಿದರೆ ಸಡಿಲ. ಮದ್ದಿಗೆ ಬಿದಿರಿನ ಒಂದು ಅಳತೆ, ಒಂದು ಸಲಕ್ಕೆ ಒಂದೇ, ಮರೆತು ಎರಡು ಹಾಕುವಂತಿಲ್ಲ. ಚರೆಗೆ ಒಂದು ಕರಟ. ಕೇಪುಗಳು ಉರುಳಿ ಮರಳಿಗೆ ಬಿದ್ದರೆ ಒಂದೇ ಕೈಯವನು ತಡಕಾಡಬೇಕಾಗುತ್ತದೆಂದು ಇನ್ನೊಂದು ಕರಟದ ತಳಕ್ಕೆ ಜೇನುಮೇಣ ಮೆತ್ತಿ ಅದರಲ್ಲಿ ಅಂಟಿಸಿಟ್ಟಳು. ಎರಡನೆಯ ನಿಯಮ, ಇದೆಲ್ಲ ಅಂಗಳದಾಚೆ ಹಗಲು ಬೆಳಕಿನಲ್ಲಿ. ಒಲೆಯ ಹತ್ತಿರ, ಚಿಮಣಿಯ ಹತ್ತಿರ ಅಲ್ಲ. ಬೀಡಿಯೂ ಅಲ್ಲ.

ಅಜ್ಜ ಎರಡು ದಿನ ಅದನ್ನು ನೋಡಲೇ ಇಲ್ಲ. "ಅಡಿಗೆಮನೆಯ ಮಣೆಯ ಮೇಲೆ ಕೂತು ಕೋವಿ ತುಂಬಲೇ?" ಎಂಬುದು ಅವನ ಆಕ್ಷೇಪ. ಮೂರನೆಯ ದಿನ ಯಾರೂ ಇಲ್ಲದಾಗ ಕೂತ. ಅಜ್ಜಿ ಬಾವಿಕಟ್ಟೆಯ ಮರೆಯಿಂದ ನೋಡಿದಳು. ನಿಧಾನವಾಯಿತು, ಆದರೆ ಜಾರಲಿಲ್ಲ. ತುಂಬಿದ. ಗದ್ದೆಯ ಮಾಳದಲ್ಲೂ ಅಂಥದೇ ಒಂದು ಕವಲುಗೋಲು ನೆಟ್ಟು ಅದರ ಮೇಲೆ ನಳಿಗೆ ಇಟ್ಟು ಹಾರಿಸುವುದನ್ನು ತಾನೇ ಕಂಡುಕೊಂಡ. ಹೆಚ್ಚಿನ ರಾತ್ರಿ ಚರೆಯನ್ನೇ ಹಾಕುತ್ತಿರಲಿಲ್ಲ. ಬರೀ ಮದ್ದಿನ ಸದ್ದು ಸಾಕಿತ್ತು ಹಂದಿಗಳಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲಂತೂ ಬೇಟೆಯ ಮಾತೇ ಮುಗಿಯಿತು, ಸದ್ದು ಮಾತ್ರ ಉಳಿಯಿತು. ನೆಂಟ ತನ್ನ ಊರಿಗೆ ಹೋದ.

ಕೈ ಕಳೆದುಕೊಂಡವರ ಕತೆಗಳನ್ನು ಆಮೇಲೆ ನಾನು ಹುಡುಕಿ ಹುಡುಕಿ ಓದಿದೆ. 1504ರಲ್ಲಿ ಜರ್ಮನಿಯ ಗೋಟ್ಸ್ ಫಾನ್ ಬೆರ್ಲಿಖಿಂಗೆನ್ ಎಂಬ ಯೋಧ ಫಿರಂಗಿಯ ಪೆಟ್ಟಿಗೆ ಕೈ ಕಳೆದುಕೊಂಡು ಕಬ್ಬಿಣದ ಕೈ ಮಾಡಿಸಿಕೊಂಡ. ಅದರ ಬೆರಳುಗಳು ಸ್ಪ್ರಿಂಗಿನಿಂದ ಮಡಚಿ ಬಿಗಿಯುತ್ತಿದ್ದವು. ಅದೂ ಹಿಡಿಯುವ ಕೈಯೇ. ಗಯಟೆ ಅವನ ಮೇಲೆ ನಾಟಕ ಬರೆದ. ಇಂಗ್ಲೆಂಡಿನ ನೌಕಾಪತಿ ನೆಲ್ಸನ್ 1797ರಲ್ಲಿ ಬಲಗೈ ಕಳೆದುಕೊಂಡ. ಎಡಗೈಯಲ್ಲಿ ಬರೆಯಲು ಕಲಿತ. ಊಟಕ್ಕೆ ಚಾಕು ಮತ್ತು ಮುಳ್ಳುಚಮಚ ಎರಡೂ ಒಂದೇ ಆಗಿರುವ ಸಾಧನ ಬಳಸಿದ. ಹಂಗೇರಿಯ ಸೈನಿಕ ಕಾರೋಯ್ ತಕಾಚ್ 1938ರಲ್ಲಿ ಕೈಬಾಂಬು ಸಿಡಿದು ಬಲಗೈ ಕಳೆದುಕೊಂಡ. ಪಿಸ್ತೂಲಿನ ಗುರಿಕಾರನಾಗಿದ್ದವನು ಯಾರಿಗೂ ಹೇಳದೆ ಎಡಗೈಯಲ್ಲಿ ಅಭ್ಯಾಸ ಮಾಡಿ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ. ಅಮೆರಿಕದ ಡೊರೆನ್ಸ್ ಎಂಬವನು ಮರದ ಮಿಲ್ಲಿನಲ್ಲಿ ಕೈ ಕಳೆದುಕೊಂಡು, ಹೆಗಲು ಎಳೆದರೆ ತೆರೆಯುವ ಎರಡು ಕವಲಿನ ಕೊಕ್ಕೆ ಮಾಡಿ 1912ರಲ್ಲಿ ಪೇಟೆಂಟ್ ಪಡೆದ. ಅದೇ ಜಾತಿಯ ಕೊಕ್ಕೆ ಇಂದಿಗೂ ಬಳಕೆಯಲ್ಲಿದೆ.

ನಮ್ಮ ದೇಶದಲ್ಲಿ ಎರಡನೆಯ ಮಹಾಯುದ್ಧದ ಗಾಯಾಳುಗಳಿಗಾಗಿ 1944ರಲ್ಲಿ ಪುಣೆಯಲ್ಲಿ ಕೃತಕ ಅಂಗಗಳ ಕೇಂದ್ರ ಶುರುವಾಯಿತು. 1968ರ ಹೊತ್ತಿಗೆ ಜೈಪುರ ಕಾಲು ಬಂತು. ನೆಲದ ಮೇಲೆ ಕೂರುವ, ಬರಿಗಾಲಲ್ಲಿ ನಡೆಯುವ ನಮ್ಮ ಬದುಕಿಗೆ ಹೊಂದುವ ಕಾಲು ಅದು. ನಮ್ಮ ಕಾರವಾರದವರೇ ಆದ, ಚೆಂಡಿಯಾದ ರಾಮಾ ರಾಘೋಬಾ ರಾಣೆಯವರ ಕತೆ ಅಜ್ಜನಿಗೆ ಬಹಳ ಇಷ್ಟ. 1948ರ ಏಪ್ರಿಲ್‌ನಲ್ಲಿ ಕಾಶ್ಮೀರದ ನೌಶೇರಾ–ರಾಜೌರಿ ದಾರಿಯಲ್ಲಿ ತೊಡೆಗೆ ಗಾಯವಾದರೂ ಸಿಡಿಗುಂಡುಗಳನ್ನು ಕಿತ್ತು, ಅಡ್ಡಬಿದ್ದ ಮರಗಳನ್ನು ಸರಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು, ಪರಮವೀರ ಚಕ್ರವನ್ನು ಬದುಕಿರುವಾಗಲೇ ಪಡೆದವರು. "ತೊಡೆಗೆ ಪೆಟ್ಟು ಬಿದ್ದರೂ ಅವರು ಕೆಲಸ ಬಿಡಲಿಲ್ಲ, ನಾನು ಯಾಕೆ ಬಿಡಲಿ?" ಎನ್ನುತ್ತಿದ್ದ.

ಇವರೆಲ್ಲ ದೊಡ್ಡವರು, ನಿಜ. ಆದರೆ ಓದುವಾಗ ನನ್ನ ಮನಸ್ಸು ಬೇರೆಡೆ ಹೋಗುತ್ತಿತ್ತು. ಕಬ್ಬಿಣದ ಕೈ ಸಿದ್ಧವಾಗುವವರೆಗೆ ಗೋಟ್ಸನ ಅಂಗಿಯ ಗುಂಡಿ ಹಾಕಿದವರು ಯಾರು? ನೆಲ್ಸನ್ನನಿಗೆ ಆ ಸಾಧನ ಬರುವ ಮುಂಚೆ ಮಾಂಸ ಕತ್ತರಿಸಿ ಕೊಟ್ಟವರು ಯಾರು? ಮನೆಯಲ್ಲಿ ಒಬ್ಬರ ಕೈ ಹೋದರೆ ಇನ್ನೊಬ್ಬರ ಒಂದು ಕೈಯೂ ಅದರ ಜೊತೆ ಹೋಗುತ್ತದೆ. ಹೆಚ್ಚಾಗಿ ಅದು ಹೆಂಗಸಿನ ಕೈ. ಅವಳದನ್ನು ತ್ಯಾಗ ಎನ್ನುತ್ತೇವೆ, ಹಾಡಿ ಹೊಗಳುತ್ತೇವೆ. ನನ್ನ ಅಜ್ಜಿ ತ್ಯಾಗ ಮಾಡಲು ಒಪ್ಪಲಿಲ್ಲ. ಒಪ್ಪದೇ ಇದ್ದುದರಿಂದಲೇ ಆ ಮಣೆ ಹುಟ್ಟಿತು. ಅವಳು ಹನ್ನೊಂದನೆಯ ರಾತ್ರಿಯೂ ಹಿಡಿದಿದ್ದರೆ ಕೊನೆಯವರೆಗೂ ಹಿಡಿಯುತ್ತಲೇ ಇರಬೇಕಿತ್ತು. ಅಜ್ಜನೂ ಕೊನೆಯವರೆಗೆ "ಬಾ, ಹಿಡಿದುಕೋ" ಎಂದು ಕರೆಯುತ್ತಲೇ ಇರಬೇಕಿತ್ತು. ಹಾಗೆ ಕರೆಯುವುದೂ ಸುಖವಲ್ಲ. ಮಣೆ ಇಬ್ಬರನ್ನೂ ಬಿಡಿಸಿತು.

ಅದರಿಂದ ಉಳಿದದ್ದು ಬೆಳೆಯೊಂದೇ ಅಲ್ಲ. ಗೇಣಿದಾರರಿಗಾಗಿ ದನಿ ಎತ್ತಿದವರು ನಮ್ಮ ಜಿಲ್ಲೆಗೆ ಹೊಸಬರಲ್ಲ. ಚುಟುಕಗಳ ಕವಿ ಎಂದು ನಾವು ಬಲ್ಲ ಅಂಕೋಲೆಯ ದಿನಕರ ದೇಸಾಯಿಯವರು 1940ರ ಹೊತ್ತಿಗೇ ರೈತರನ್ನು ಕೂಡಿಸಿ ಹೋರಾಡಿ ಜಿಲ್ಲೆಯಿಂದ ಗಡೀಪಾರಾದವರು. ಕೊನೆಗೆ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಆ ದಿನದ ಹಿಂದಿನವರೆಗೆ ಗೇಣಿ ಮಾಡುತ್ತಿದ್ದವರು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಗದ್ದೆಯನ್ನು ತಮ್ಮದಾಗಿಸಿಕೊಳ್ಳಬಹುದಿತ್ತು. ಅಜ್ಜನೂ ಅರ್ಜಿ ಕೊಟ್ಟ. ಭೂನ್ಯಾಯ ಮಂಡಳಿಯ ಮುಂದೆ, "ನೀನು ಒಂಟಿಕೈಯವನು, ಸಾಗುವಳಿ ಯಾರು ಮಾಡುತ್ತಿದ್ದರು?" ಎಂದು ಕೇಳಿದರಂತೆ. ಅಕ್ಕಪಕ್ಕದ ಗದ್ದೆಯವರು ಸಾಕ್ಷಿ ಹೇಳಿದರು. "ಪ್ರತಿ ವರ್ಷ ರಾತ್ರಿ ಇವನ ಕೋವಿಯ ಸದ್ದಿಗೆ ನಮಗೆಲ್ಲ ನಿದ್ದೆಯಿಲ್ಲ ಸ್ವಾಮಿ" ಎಂದು ಒಬ್ಬ ಹೇಳಿದ್ದಕ್ಕೆ ಎಲ್ಲರೂ ನಕ್ಕರಂತೆ. ಗದ್ದೆ ಅಜ್ಜನ ಹೆಸರಿಗಾಯಿತು. ಕಾಗದದಲ್ಲಿ ಅದನ್ನು ಹಿಡುವಳಿ ಎನ್ನುತ್ತಾರೆ. ಆ ಶಬ್ದ ಓದಿದಾಗಲೆಲ್ಲ ನನಗೆ ಮಣೆಯ ನೆನಪಾಗುತ್ತದೆ. ಆಗಿನ ಕಾಗದದಲ್ಲಿ ಅಜ್ಜಿಯ ಹೆಸರು ಎಲ್ಲಿಯೂ ಇಲ್ಲ ಎಂಬುದೂ ನೆನಪಾಗುತ್ತದೆ.

ಅಜ್ಜ ತೀರಿಕೊಂಡ ಮೇಲೆ ಕೋವಿಯನ್ನು ಠಾಣೆಗೆ ಒಪ್ಪಿಸಿದೆವು. ಚುನಾವಣೆ ಬಂದಾಗಲೆಲ್ಲ ಅಲ್ಲಿಗೆ ಹೋಗಿ ಕೂತು ಬರುವ ಅಭ್ಯಾಸ ಆ ಕೋವಿಗೆ ಮೊದಲೇ ಇತ್ತು. ಈ ಸಲ ಮರಳಲಿಲ್ಲ. ಅಜ್ಜಿ ಒಂದು ಮಾತೂ ಆಡಲಿಲ್ಲ. ಮಣೆಯನ್ನು ಮಾತ್ರ ಕೊಟ್ಟಿಗೆಯ ಅಟ್ಟಕ್ಕೆ ಹಾಕಿಸಿದಳು.

1990ರ ದಶಕದ ಒಂದು ಮಳೆಗಾಲದಲ್ಲಿ ಅಜ್ಜಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು. ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದ ಮೇಲೆ ಕಾಲು ಎಳೆಯುತ್ತ ನಡೆದಳು, ಕೈ ಬರಲಿಲ್ಲ. ಜೀವನವಿಡೀ ಅಸಡ್ಡೆ ಮಾಡಿದ ಎಡಗೈ ಒಂದೇ ಉಳಿಯಿತು. ಅಡಿಗೆಮನೆಗೆ ಅವಳನ್ನು ಬಿಡುತ್ತಿರಲಿಲ್ಲ ಆಯಿ. "ನೀನು ಕೂತಿರು, ನಾವು ಮಾಡುತ್ತೇವೆ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಳು. ಅಜ್ಜಿ ಕೂತಳು. ಕೂತು ಕೂತು ಮಾತು ಕಡಿಮೆ ಮಾಡಿದಳು. ಊಟವೂ ಕಡಿಮೆಯಾಯಿತು.

ಒಂದು ದಿನ ನಾನು ಹೋದಾಗ, "ಅಟ್ಟದ ಮೇಲಿನ ಮಣೆ ಇಳಿಸು" ಎಂದಳು. ಇಳಿಸಿದೆ. ಅದನ್ನು ಒರೆಸುತ್ತ ಕೂತಾಗಲೇ ನನಗೆ ಆ ಹನ್ನೊಂದು ರಾತ್ರಿಯ ಕತೆ ಸಿಕ್ಕಿದ್ದು. ಗೂಟ ತೆಗೆಸದೆಯೇ ಮಣೆಯ ಒಂದು ಬದಿಗೆ ಕೆಳಗಿನಿಂದ ಎರಡು ತುಕ್ಕು ಹಿಡಿಯದ ಮೊಳೆ ಹೊಡೆಸಿದೆವು, ಮೊನೆ ಮೇಲಕ್ಕೆ ಬರುವಂತೆ. ಬಟಾಟೆ, ಸೌತೆ, ನೀರುಳ್ಳಿ ಚುಚ್ಚಿಟ್ಟರೆ ಅಲುಗದೆ ನಿಲ್ಲುತ್ತಿತ್ತು, ಅವಳು ಎಡಗೈಯಿಂದ ಸಿಪ್ಪೆ ತೆಗೆದಳು. ಕೋವಿಯ ಬುಡ ಕೂರುತ್ತಿದ್ದ ಗುಳಿಯಲ್ಲಿ ಒದ್ದೆ ಬಟ್ಟೆ ಹಾಸಿ ಪಾತ್ರೆ ಇಟ್ಟರೆ ತಿರುಗುತ್ತಿರಲಿಲ್ಲ, ಹಿಟ್ಟು ಕಲಸಿದಳು. ಆಸ್ಪತ್ರೆಗಳಲ್ಲಿ ಲಕ್ವದವರಿಗೆ ಮೊಳೆಯ ಹಲಗೆಯಲ್ಲಿ ತರಕಾರಿ ಹೆಚ್ಚುವುದನ್ನು ಕಲಿಸುತ್ತಾರೆಂದು ನಾನು ಬಹಳ ವರ್ಷದ ಮೇಲೆ ತಿಳಿದೆ. ಅಂಗವಿಕಲರ ಹಕ್ಕಿನ ಕಾಯಿದೆಗಳು 1995ರಲ್ಲಿ ಒಮ್ಮೆ, 2016ರಲ್ಲಿ ಇನ್ನಷ್ಟು ವಿಸ್ತಾರವಾಗಿ ಬಂದವು. ಕಚೇರಿಗೆ ಇಳಿಜಾರು ಹಾದಿ ಕಟ್ಟಿಸಲು ಕಾಯಿದೆ ಇದೆ. ಅಡಿಗೆಮನೆಗೆ ಒಂದು ಮೊಳೆ ಹೊಡೆಸಲು ಮನೆಯವರೇ ಮನಸ್ಸು ಮಾಡಬೇಕು.

ಮೊದಲ ದಿನ ಅವಳು ಮಾಡಿದ್ದು ಬಟಾಟೆಯ ಪಲ್ಯ. ತುಂಡುಗಳು ಒಂದು ದಪ್ಪ, ಒಂದು ತೆಳು. ಆಯಿ ಬಡಿಸುವಾಗ ಕಣ್ಣೊರೆಸಿಕೊಂಡಳು. ಅಜ್ಜಿಗೆ ಸಿಟ್ಟು ಬಂತು. "ಅಳುವುದಕ್ಕೆ ಏನಾಯಿತು? ಉಪ್ಪು ಸರಿ ಇದೆಯೋ ಹೇಳು" ಎಂದಳು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಯಾರೂ ಹೇಳಲಿಲ್ಲ. ಅವಳೇ ತಿಂದು, "ಹೆಚ್ಚಾಗಿದೆ, ಹೇಳಬಾರದೇ?" ಎಂದು ಬೈದಳು. ಅಂದು ರಾತ್ರಿ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು.

ಅವಳು ಹೋಗಿ ಬಹಳ ವರ್ಷವಾಯಿತು. ಮಣೆ ನನ್ನ ಪಾಲಿಗೆ ಬಂತು. ಆಯಿಯ ಒಡವೆಗಳು ಅಕ್ಕತಂಗಿಯರಲ್ಲಿ ಹಂಚಿಹೋದವು, ಇದನ್ನು ಯಾರೂ ಕೇಳಲಿಲ್ಲ. ಕಳೆದ ಮಳೆಗಾಲದಲ್ಲಿ ಎದುರು ಮನೆಯವರು ಅಂಗಳದ ಪಾಚಿಯಲ್ಲಿ ಜಾರಿ ಕೈ ಮುರಿದುಕೊಂಡರು. ಆರು ವಾರ ಪ್ಲಾಸ್ಟರು. ಸೊಸೆ ನೌಕರಿಗೆ ಹೋಗುವವಳು, ಮಗ ದೂರದೂರಿನಲ್ಲಿ. ನಾನು ದಿನಾ ಹೋಗಿ ಹೆಚ್ಚಿಕೊಡುತ್ತೇನೆಂದ ಮೊದಲ ದಿನ ಅವರ ಮುಖ ನೋಡಿದೆ. ಋಣದ ಭಾರದ ಮುಖ. ಅಜ್ಜನ "ಬಾ, ಹಿಡಿದುಕೋ" ನೆನಪಾಯಿತು. ಮರುದಿನ ಮಣೆಯನ್ನೇ ಹೊತ್ತುಕೊಂಡು ಹೋಗಿ ಕೊಟ್ಟು, ಹೇಗೆ ಕೂರಬೇಕೆಂದು ತೋರಿಸಿ ಬಂದೆ. ಸಂಜೆ ಅವರೇ ಒಂದು ಬಟ್ಟಲು ಸೌತೆಕಾಯಿಯ ಹುಳಿ ಕಳಿಸಿದರು.

ಪ್ಲಾಸ್ಟರು ಬಿಚ್ಚಿ ಮೂರು ತಿಂಗಳಾದರೂ ಮಣೆ ಹಿಂದಿರುಗಲಿಲ್ಲ. ಕೊನೆಗೆ ನಾನೇ ಕೇಳಿ ತಂದೆ. "ಇನ್ನೂ ಸ್ವಲ್ಪ ದಿನ ಇರಲಿ ಅಂದುಕೊಂಡಿದ್ದೆ, ಎರಡು ಕೈ ಇದ್ದವರಿಗೂ ಹಗುರ" ಎಂದರು ಅವರು. ಈಗ ತಮ್ಮ ಮನೆಗೆ ಅಂಥದೇ ಒಂದು ಮಾಡಿಸಲು ಆಚಾರಿಗೆ ಹೇಳಿದ್ದಾರಂತೆ. ಕವಲಿನ ಗೂಟ ಯಾತಕ್ಕೆಂದು ಆಚಾರಿ ಕೇಳಿದನಂತೆ. ಅದು ಬೇಡ ಎಂದು ಹೇಳಿ ಕಳಿಸಿದ್ದೇನೆ.